ಕಾರಿನ ಕಿಟಕಿಗೇ ಬರುವ ಕಾಫಿ

ಪ್ರಶ್ನೆ: ಅಮೆರಿಕದ ಸಿಯಾಟಲ್ ಬಳಿಯಿರುವ ಮಗಳ ಮನೆಗೆ ಹೋಗಿದ್ದಾಗ, ಸ್ಟಾರ್‌ಬಕ್ಸ್ ಹುಟ್ಟಿದ ಆ ಸೀಮೆಯಲ್ಲೇ ರಸ್ತೆ ಬದಿಯ ಪುಟ್ಟ ಕಾಫಿ ಗೂಡುಗಳ ಮುಂದೆ ಕಾರುಗಳು ಸಾಲುಗಟ್ಟಿದ್ದನ್ನು ಕಂಡೆ. ಅಷ್ಟು ದೊಡ್ಡ ಸಂಸ್ಥೆಯೆದುರು ಇವು ಹೇಗೆ ಉಳಿದಿವೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮುಖ್ಯ ಕಾರಣ ಖರ್ಚಿನ ಲೆಕ್ಕಾಚಾರ. ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಒಂದು ಸಣ್ಣ ಕೋಣೆಯಷ್ಟು ನೆಲ ಸಿಕ್ಕರೆ ಸಾಕು. ಮೇಜು ಕುರ್ಚಿಗಳ ಗೊಡವೆಯಿಲ್ಲ, ಒಬ್ಬಿಬ್ಬರೇ ಇಡೀ ಕೆಲಸವನ್ನು ನಿಭಾಯಿಸುತ್ತಾರೆ, ಎರಡೂ ಬದಿಗೆ ಕಿಟಕಿಯಿದ್ದರೆ ಏಕಕಾಲಕ್ಕೆ ಎರಡು ಸಾಲುಗಳಿಗೆ ಕಾಫಿ ಕೊಡಬಹುದು. ಬೆಳಿಗ್ಗೆ ಕಚೇರಿಗೆ ಹೋಗುವವರು ಸಾಗುವ ಬದಿಯಲ್ಲೇ ಗೂಡು ಇರಬೇಕೆಂಬುದು ಈ ವ್ಯಾಪಾರದ ಜಾಣ್ಮೆ. ಮಳೆಯಲ್ಲಿ ಕಾರಿನಿಂದ ಇಳಿಯಬೇಕಿಲ್ಲ ಎಂಬುದಂತೂ ಅಲ್ಲಿನವರಿಗೆ ಸಣ್ಣ ಸುಖವಲ್ಲ. 1971ರಲ್ಲಿ ಆರಂಭವಾದ ಸ್ಟಾರ್‌ಬಕ್ಸ್ ತನ್ನ ಮೊದಲ ಡ್ರೈವ್-ಥ್ರೂ (ಕಾರಿನಲ್ಲಿ ಕುಳಿತೇ ಕೊಳ್ಳುವ) ಮಳಿಗೆಯನ್ನು ತೆರೆದದ್ದು 1994ರಲ್ಲಷ್ಟೇ.

ಆದರೂ ಮೊಬೈಲ್ ಆ್ಯಪ್‌ನಲ್ಲಿ ಮುಂಚಿತವಾಗಿ ಆರ್ಡರ್ ಪಡೆಯುವುದು, ಪ್ರತಿ ಖರೀದಿಗೂ ಅಂಕಗಳನ್ನು ಕೊಟ್ಟು ಗ್ರಾಹಕರನ್ನು ಹಿಡಿದಿಡುವುದು, ಬೀಜವನ್ನು ಸಗಟಾಗಿ ಕೊಳ್ಳುವುದು ಇವೆಲ್ಲ ದೊಡ್ಡವರಿಗೇ ಸುಲಭ. ಮೇಲಾಗಿ, ಸಣ್ಣದು ಎಂದಿಗೂ ಸಣ್ಣದಾಗಿಯೇ ಉಳಿಯುತ್ತದೆಂದು ಭಾವಿಸಬೇಡಿ. ಆರಿಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಊರಿನಲ್ಲಿ 1992ರಲ್ಲಿ ಹೈನುಗಾರ ಕುಟುಂಬದ ಇಬ್ಬರು ಸಹೋದರರು ತಳ್ಳುಗಾಡಿಯಲ್ಲಿ ಆರಂಭಿಸಿದ ಡಚ್ ಬ್ರದರ್ಸ್, ಮುಖ್ಯವಾಗಿ ಡ್ರೈವ್-ಥ್ರೂ ಮಳಿಗೆಗಳಿಂದಲೇ ಬೆಳೆದು, 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಯನ್ನು ಪ್ರವೇಶಿಸಿತು. ನನ್ನ ಅಭಿಪ್ರಾಯದಲ್ಲಿ, ಒಂಟಿ ಗೂಡಿನ ಮಾಲೀಕರು ಸ್ಟಾರ್‌ಬಕ್ಸ್‌ಗಿಂತಲೂ ಹೆಚ್ಚು ಅಂಜಬೇಕಾದದ್ದು ತಮ್ಮದೇ ವಿಧಾನವನ್ನು ಬಲ್ಲ ಇಂಥ ಸರಪಳಿ ಮಳಿಗೆಗಳಿಗೆ.