ಸಿಡಿಆರ್ ರೇಡಿಯಸ್ ಸರ್ವರ್‌ಗೆ ತಲುಪದಿದ್ದರೆ

ಸಿಎಸ್‌ವಿ ಫೈಲಿನಲ್ಲಿ ಸಿಡಿಆರ್ (ಪ್ರತಿ ಕಾಲ್‌ನ ವಿವರದ ದಾಖಲೆ) ಸರಿಯಾಗಿ ಬೀಳುತ್ತಿದೆ, ಆದರೆ ರೇಡಿಯಸ್ (ಬಳಕೆದಾರರ ಲಾಗಿನ್ ಪರಿಶೀಲಿಸಿ ಬಳಕೆಯ ಲೆಕ್ಕ ಇಡುವ ಸರ್ವರ್ ವ್ಯವಸ್ಥೆ) ಅಕೌಂಟಿಂಗ್‌ನಲ್ಲಿ ಒಂದು ಸಾಲೂ ಇಲ್ಲ ಅಂದಿದ್ದೀರಿ. ಹಾಗಾದರೆ ಆಸ್ಟರಿಸ್ಕ್ (ಕಾಲ್‌ಗಳನ್ನು ನಡೆಸುವ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್) ದಾಖಲೆ ತಯಾರಿಸುತ್ತಿದೆ, ತೊಂದರೆ ಇರುವುದು ಕಳಿಸುವ ದಾರಿಯಲ್ಲಿ.

ಮೊದಲು ಆಸ್ಟರಿಸ್ಕ್‌ನಲ್ಲಿ ರೇಡಿಯಸ್ ಸಿಡಿಆರ್ ಮಾಡ್ಯೂಲ್ ಲೋಡ್ ಆಗಿದೆಯಾ ನೋಡಿ. ಬಿಲ್ಡ್ ಮಾಡುವಾಗ ರೇಡಿಯಸ್ ಕ್ಲೈಂಟ್ ಲೈಬ್ರರಿ ಇಲ್ಲದಿದ್ದರೆ ಆ ಮಾಡ್ಯೂಲೇ ತಯಾರಾಗುವುದಿಲ್ಲ. ಆಮೇಲೆ ಸಿಡಿಆರ್ ಕಾನ್ಫಿಗ್‌ನ ರೇಡಿಯಸ್ ವಿಭಾಗದಲ್ಲಿ ಕ್ಲೈಂಟ್ ಕಾನ್ಫಿಗ್ ಫೈಲಿನ ಪಾತ್ ಸರಿ ಇರಬೇಕು, ಕ್ಲೈಂಟಿನ ಡಿಕ್ಷನರಿಯಲ್ಲಿ (ದಾಖಲೆಯ ಅಂಶಗಳ ಹೆಸರಿನ ಪಟ್ಟಿ) ಆಸ್ಟರಿಸ್ಕ್‌ನ ಅಂಶಗಳಿರುವ ಡಿಜಿಯಂ ಡಿಕ್ಷನರಿಯೂ ಸೇರಿರಬೇಕು.

ಇಷ್ಟು ಸರಿ ಇದ್ದರೆ ನನ್ನ ಅನುಮಾನ ಶೇರ್ಡ್ ಸೀಕ್ರೆಟ್ (ಕ್ಲೈಂಟ್ ಮತ್ತು ಸರ್ವರ್ ಎರಡರಲ್ಲೂ ಹಾಕುವ ಗುಪ್ತಪದ) ಮೇಲೆ. ಎರಡೂ ಕಡೆ ಅದು ಒಂದೇ ಇರದಿದ್ದರೆ ಸರ್ವರ್ ಪ್ಯಾಕೆಟ್ಟನ್ನು ಸುಮ್ನೆ ಬಿಸಾಡುತ್ತದೆ, ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ನಿಮ್ಮ ಕಡೆಯಿಂದ ನೋಡಿದರೆ ನೆಟ್‌ವರ್ಕೇ ಕೆಟ್ಟಿದೆ ಅನ್ನಿಸುತ್ತದೆ. ನಿಮ್ಮ ರೇಡಿಯಸ್ ಸರ್ವರ್ ಸಾಫ್ಟ್‌ವೇರ್ ಫ್ರೀರೇಡಿಯಸ್ ಆಗಿದ್ದರೆ ಅದನ್ನು ಡೀಬಗ್ ಮೋಡ್‌ನಲ್ಲಿ ಓಡಿಸಿ ಒಂದು ಕಾಲ್ ಮಾಡಿ, ಕಾರಣ ಅಲ್ಲೇ ಕಾಣುತ್ತದೆ. ಏನೂ ಕಾಣದಿದ್ದರೆ ಪ್ಯಾಕೆಟ್ ಅಲ್ಲಿಗೆ ಮುಟ್ಟಿಯೇ ಇಲ್ಲ. ಆಗ ಫೈರ್‌ವಾಲ್ ನೋಡಿ. ಅಕೌಂಟಿಂಗ್‌ಗೆ ಯುಡಿಪಿ ಪೋರ್ಟ್ 1813 ಬೇಕು, 1812 ಬರೀ ಅಥೆಂಟಿಕೇಶನ್‌ಗೆ (ಲಾಗಿನ್ ಪರಿಶೀಲನೆಗೆ). ಹಳೆಯ ಸರ್ವರ್‌ಗಳು 1646ರಲ್ಲೂ ಕೇಳುತ್ತಿರಬಹುದು.

ಇನ್ನೊಂದು ವಿಷಯ. ಈ ಮಾಡ್ಯೂಲ್ ಕಾಲ್ ಮುಗಿದ ಮೇಲೆ ಸ್ಟಾಪ್ ದಾಖಲೆ ಮಾತ್ರ ಕಳಿಸುತ್ತದೆ, ಕಾಲ್ ಶುರುವಾದಾಗ ಸ್ಟಾರ್ಟ್ ದಾಖಲೆ ಕಳಿಸುವುದಿಲ್ಲ. ನಿಮ್ಮ ರೇಡಿಯಸ್ ಸರ್ವರ್ ಡೇಟಾಬೇಸ್‌ಗೆ ಬರೆಯಲು ಬಳಸುವ ಎಸ್‌ಕ್ಯೂಎಲ್ ಕ್ವೆರಿ ಸ್ಟಾರ್ಟ್‌ನಲ್ಲಿ ಸಾಲು ಹಾಕಿ ಸ್ಟಾಪ್‌ನಲ್ಲಿ ಅದನ್ನು ಬರೀ ಅಪ್‌ಡೇಟ್ ಮಾಡುವಂತಿದ್ದರೆ ಟೇಬಲ್ ಖಾಲಿಯೇ ಇರುತ್ತದೆ, ಅಲ್ವಾ? ಸ್ಟಾಪ್ ಬಂದಾಗ ಹೊಸ ಸಾಲು ಸೇರಿಸುವಂತೆ ಮಾಡಿ. ಬಿಲ್ಲಿಂಗ್‌ಗೆ ರೇಡಿಯಸ್ ದಾಖಲೆಯನ್ನೇ ನಂಬುವುದಾದರೆ ಸಿಎಸ್‌ವಿಯನ್ನು ದಯವಿಟ್ಟು ಆಫ್ ಮಾಡಬೇಡಿ. ಸರ್ವರ್ ಜಾಸ್ತಿ ಹೊತ್ತು ನಿಂತುಹೋಗಿದ್ದರೆ ಕಳೆದುಹೋದ ದಾಖಲೆ ಅಲ್ಲಿಂದಲೇ ಸಿಗಬೇಕು.