ಕಡುನೀಲಿ ಅಗೇಟ್: ಅಸಲಿಯೋ, ಗಾಜೋ?

ಪ್ರಶ್ನೆ: ಗುಜರಾತಿನ ಖಂಭಾತ್‌ನಲ್ಲಿ ಪಟ್ಟೆಪಟ್ಟೆಯ ಕಡುನೀಲಿ ಅಗೇಟ್ ಪದಕ ಕೊಂಡೆ. ಮನೆಯಲ್ಲಿ ಎಲ್ಲರೂ ಗಾಜು ಅನ್ನುತ್ತಾರೆ. ಪರೀಕ್ಷೆ ಮಾಡುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಕಲ್ಲು ಅಸಲಿಯೇ ಇರಬಹುದು, ಆದರೆ ಆ ಬಣ್ಣ ಬಹುತೇಕ ಹಾಕಿದ್ದೇ ಇರಬೇಕು. ಅಗೇಟ್ ಸಾಮಾನ್ಯವಾಗಿ ಬೂದು, ಬಿಳಿ, ಕಂದು, ಕೆಂಪು ಅಥವಾ ತೆಳುನೀಲಿ ಇರುತ್ತದೆ. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಕೆಲವು ಪಟ್ಟೆ ಬಣ್ಣ ಹೀರುತ್ತವೆ, ಒತ್ತಾದ ಪಟ್ಟೆಗಳು ಹೀರುವುದಿಲ್ಲ, ಅದಕ್ಕೇ ನೀಲಿಯ ಪಕ್ಕದಲ್ಲೇ ಬಿಳಿ ಗೆರೆ ಅಷ್ಟು ಎದ್ದು ಕಾಣುವುದು. ಕಪ್ಪು ಮಾಡಲು ಸಕ್ಕರೆ ನೀರಿನಲ್ಲಿ ನೆನೆಸಿ ಆಮೇಲೆ ಗಂಧಕಾಮ್ಲಕ್ಕೆ ಹಾಕುತ್ತಾರೆ. ಕೆಂಪು ಬರಲು ಕಾಯಿಸಿದರೆ ಸಾಕು, ಕಲ್ಲಿನಲ್ಲಿರುವ ಕಬ್ಬಿಣದ ಅಂಶವೇ ಕೆಂಪಾಗುತ್ತದೆ. ಇದೆಲ್ಲ ಮೋಸವಲ್ಲ. ಬಣ್ಣ ಹಾಕಿದ್ದನ್ನು ಮುಚ್ಚಿಟ್ಟು ಜಾಸ್ತಿ ಬೆಲೆ ಕೇಳಿದರೆ ಮಾತ್ರ ಮೋಸ.

ಪದಕವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಳಗೆ ಗುಂಡಗಿನ ಗುಳ್ಳೆ ಕಂಡರೆ ಅದು ಗಾಜು. ಗಡಸುತನ ಅಳೆಯುವ 1ರಿಂದ 10ರ ಮೊಹ್ಸ್ ಮಾಪಕದಲ್ಲಿ ಅಗೇಟ್ 6.5ರಿಂದ 7, ಗಾಜಿಗಿಂತ ಗಟ್ಟಿ, ಹಾಗಾಗಿ ಹಳೇ ಬಾಟಲಿಯ ಮೇಲೆ ಅಂಚಿನಿಂದ ಒತ್ತಿ ಎಳೆದರೆ ಗೀರು ಬೀಳಬೇಕು.

ಪ್ರಶ್ನೆ: ಈ ಕಲ್ಲು ನಮ್ಮ ಕಡೆಯೂ ಸಿಗುತ್ತದಾ? ಆಭರಣ ಬಿಟ್ಟರೆ ಉಪಯೋಗವೇನು?
– ಓದುಗರು, ವಿಜಯಪುರ

ಉತ್ತರ: ನಿಮ್ಮೂರಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಅದರ ಪೊಳ್ಳುಗಳಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಬೆರೆತ ನೀರು ಸೇರಿ ಪದರ ಪದರವಾಗಿ ಕೂತದ್ದೇ ಅಗೇಟ್. ವಿಜಯಪುರ, ಕಲಬುರಗಿ ಕಡೆಯ ಹಳ್ಳಗಳಲ್ಲಿ ಇಂಥ ಹರಳುಗಲ್ಲು ಸಿಗುತ್ತವೆ. ಶಿಲಾಯುಗದ ಜನ ಇದೇ ಜಾತಿಯ ಕಲ್ಲನ್ನು ಒಡೆದು ಪುಟ್ಟ ಅಲಗು ಮಾಡಿಕೊಳ್ಳುತ್ತಿದ್ದರು.

ಪ್ರಯೋಗಾಲಯದ ಕುಟ್ಟಾಣಿಗೆ ಇದು ಬಲು ಒಳ್ಳೆಯದು, ಬೇಗ ಸವೆದು ಪುಡಿಗೆ ಬೆರೆಯುವುದಿಲ್ಲ. ಚಿನ್ನದ ರೇಕು ಉಜ್ಜಿ ಹೊಳಪು ತರಲೂ ನುಣುಪಾದ ಅಗೇಟ್ ಬಳಸುತ್ತಾರೆ.

ಒಂದು ಮಾತು ಹೇಳಲೇಬೇಕು. ಖಂಭಾತ್‌ನಲ್ಲಿ ಇದನ್ನು ಅರೆಯುವವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಸೇರಿ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಮದ್ದಿಲ್ಲ. ಮನೆಯಲ್ಲೇ ಅರೆಯುವ ಕಡೆ ಅಕ್ಕಪಕ್ಕದವರೂ ಅದೇ ಧೂಳು ಕುಡಿಯುತ್ತಾರೆ. ನೀರು ಹಾಯಿಸಿ ಅರೆದರೆ, ಧೂಳು ಹೀರುವ ಯಂತ್ರ ಇಟ್ಟರೆ ಎಷ್ಟೋ ತಗ್ಗುತ್ತದೆ. ಕೊಳ್ಳುವಾಗ ಅಂಗಡಿಯವರನ್ನು ಇದನ್ನೂ ಕೇಳಿ.