ಗೊಯಾನಿಯಾದಲ್ಲಿ ಎರಡು ವರ್ಷ ಇರೋಕಾಗುತ್ತಾ?

ಪ್ರಶ್ನೆ: ಕಂಪನಿಯವರು ಎರಡು ವರ್ಷಕ್ಕೆ ಬ್ರೆಜಿಲ್‌ನ ಗೊಯಾನಿಯಾಗೆ ಕಳಿಸ್ತಿದಾರೆ. ಸಮುದ್ರ ಇಲ್ಲ, ಗೂಗಲ್ ಮಾಡಿದ್ರೆ ಬರೀ ರೇಡಿಯೇಷನ್ ಸುದ್ದಿ. ಹೋಗ್ಲಾ ಬೇಡ್ವಾ?

ಆರಾಮಾಗಿ ಹೋಗಿ. ನಾನು ಅಲ್ಲಿ ಮೂರು ವರ್ಷ ಇದ್ದೆ, ಸೆಟೋರ್ ಬುಯೆನೊ ಅನ್ನೋ ಏರಿಯಾದಲ್ಲಿ ಬಾಡಿಗೆ ಮನೆ, ಸಂಜೆ ವಾಕಿಂಗ್‌ಗೆ ವಾಕಾ ಬ್ರಾವಾ ಪಾರ್ಕು (ಹಾಗಂದ್ರೆ ಸಿಟ್ಟಿನ ಹಸು, ನಂಗಂತೂ ಒಂದೂ ಸಿಗ್ಲಿಲ್ಲ).

ರೇಡಿಯೇಷನ್ ಕಥೆ 1987ರದ್ದು. ಪಾಳುಬಿದ್ದ ಕ್ಲಿನಿಕ್‌ನಿಂದ ಗುಜರಿ ಆಯೋರು ಕ್ಯಾನ್ಸರ್ ಚಿಕಿತ್ಸೆಯ ಮೆಷಿನ್ ಹೊತ್ಕೊಂಡ್ ಹೋಗಿ ಒಡೆದ್ರು, ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೀತಿತ್ತು ಅಂತ ಪಾಪ ನೆಂಟರಿಷ್ಟರಿಗೆಲ್ಲ ಹಂಚಿದ್ರು, ನಾಲ್ಕು ಜನ ಸತ್ತೋದ್ರು. ಆಮೇಲೆ ಮಣ್ಣು ಸಮೇತ ಕೆರೆದು ಪಕ್ಕದ ಅಬಾದಿಯಾ ಊರಲ್ಲಿ ಕಾಂಕ್ರೀಟ್ ಒಳಗೆ ಮುಚ್ಚಿದಾರೆ. ಹಳಬರ ಹತ್ರ ಇದನ್ನ ಮಾತ್ರ ತಮಾಷೆ ಮಾಡ್ಬೇಡಿ.

ಊರು ಹೊಸದು. 1933ರಲ್ಲಿ ಪೆಡ್ರೊ ಲುಡೊವಿಕೊ ಅನ್ನೋ ರಾಜಕಾರಣಿ ಗೊಯಾಸ್ ರಾಜ್ಯದ ಹಳೇ ರಾಜಧಾನಿ ಬೇಡ ಅಂತ ಬಯಲಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು, ಪ್ಲಾನ್ ಮಾಡಿದ್ದು 50,000 ಜನಕ್ಕೆ, 2022ರ ಜನಗಣತಿಯಲ್ಲಿ 14 ಲಕ್ಷ ದಾಟಿದೆ. ಸುತ್ತಮುತ್ತಲ ಸೋಯಾ ದುಡ್ಡು, ದನದ ದುಡ್ಡು ಎಲ್ಲಾ ಬಂದು ಇಲ್ಲಿ ಅಪಾರ್ಟ್‌ಮೆಂಟ್ ಆಗಿ ನಿಂತ್ಕೊಳುತ್ತೆ. ಆ ಡುಬ್ಬದ ಬಿಳಿ ದನ ನೋಡಿದ್ರೆ ಊರು ನೆನಪಾಗುತ್ತೆ, ನೆಲೋರ್ ತಳಿ ಅಂತಾರೆ, ಮೂಲ ನಮ್ಮ ಆಂಧ್ರದ ಒಂಗೋಲ್ ದನ.

ಕಷ್ಟ ಅಂದ್ರೆ ಎರಡೇ. ಒಂದು, ಇಂಗ್ಲಿಷ್ ನಡೆಯಲ್ಲ, ಪೋರ್ಚುಗೀಸ್ ಇವತ್ತಿಂದಾನೇ ಶುರು ಮಾಡಿ. ಇನ್ನೊಂದು ಒಣ ಹವೆ, ಮೇ ಕಳೆದ್ರೆ ಸೆಪ್ಟೆಂಬರ್ ತನಕ ಮಳೆ ಅನ್ನೋದೇ ಅಪರೂಪ, ಆಗಸ್ಟ್‌ನಲ್ಲಿ ತುಟಿ ಒಡೆದು ಮೂಗಲ್ಲಿ ರಕ್ತ ಬರುತ್ತೆ, ಒದ್ದೆ ಟವೆಲ್ ಕಿಟಕಿಗೆ ಹಾಕ್ಕೊಂಡು ಮಲಗ್ತಿದ್ದೆ. ಆದ್ರೆ ಅದೇ ಟೈಮಲ್ಲಿ ಇಪೆ ಮರಗಳು ಎಲೆ ಎಲ್ಲಾ ಉದುರಿಸಿ ಮೈತುಂಬ ಹಳದಿ ಹೂ ಬಿಡ್ತವೆ, ಬೆಂಗಳೂರಿನ ಟಬೆಬುಯಾ ಇದ್ಯಲ್ಲ, ಅದರ ದಾಯಾದಿ.

ಹಾಂ, ಮರೆತಿದ್ದೆ, ಊಟ. ಪೆಕಿ ಅನ್ನೋ ಹಳದಿ ಕಾಯಿ ಹಾಕಿ ಅನ್ನ ಮಾಡ್ತಾರೆ, ವಾಸನೆ ಬೀದಿ ತುದಿಗೇ ಬಡಿಯುತ್ತೆ. ಅದನ್ನ ಕೈಯಲ್ಲಿ ಹಿಡ್ಕೊಂಡು ಮುಂದಿನ ಹಲ್ಲಲ್ಲಿ ಮೇಲ್ಮೇಲೆ ಕೆರ್ಕೊಂಡು ತಿನ್ಬೇಕು, ಕಚ್ಚೋ ಹಾಗಿಲ್ಲ, ಓಟೆಯಲ್ಲಿ ಕೂದಲಿನಂಥ ಮುಳ್ಳಿರುತ್ತೆ. ಯಾರೂ ಹೇಳಿರ್ಲಿಲ್ಲ, ನಾನು ಮೊದಲನೇ ವಾರಾನೇ ಕಚ್ಚಿಬಿಟ್ಟೆ, ಆಫೀಸಿನ ಅಡುಗೆಯಮ್ಮ ಕನ್ನಡಕ ಏರಿಸ್ಕೊಂಡು ಟ್ವೀಜರ್‌ನಲ್ಲಿ ನಾಲಿಗೆಯಿಂದ ಒಂದೊಂದೇ ಕಿತ್ತು ಕಿತ್ತು ತಟ್ಟೆಗೆ ಹಾಕಿದ್ರು.